ಗ್ರೀಸಲ್ಲಿ ಗದ್ದಲ ಇಲ್ಲದ ಚಿಕ್ಕ ದ್ವೀಪ ಯಾವ್ದಿದೆ? ಅತ್ತೆನೂ ಜೊತೆಗೆ ಬರ್ತಿದಾರೆ

ನೇರಳೆ_ಮರ

ಎಲ್ರಿಗೂ ನಮಸ್ಕಾರ. ಮುಂದಿನ ವರ್ಷ ನಾನು, ನನ್ನ ಗಂಡ, ನಮ್ಮತ್ತೆ ಮೂರು ಜನ ಗ್ರೀಸ್‌ಗೆ ಹೋಗೋ ಪ್ಲಾನ್ ಮಾಡ್ತಿದೀವಿ. ಟ್ರಾವೆಲ್ ಏಜೆಂಟ್ ಹತ್ರ ಕೇಳಿದ್ರೆ ಎಲ್ರೂ ಒಂದೇ ಪ್ಯಾಕೇಜ್ ಹೇಳ್ತಾರೆ, ಅಥೆನ್ಸ್ ಎರಡು ರಾತ್ರಿ, ಮಿಕೋನೋಸ್ ಎರಡು ರಾತ್ರಿ, ಸ್ಯಾಂಟೊರಿನಿ ಎರಡು ರಾತ್ರಿ, ವಾಪಸ್. ಆ ಓಡಾಟ ನಮಗೆ ಬೇಡ. ಅತ್ತೆ ತೀರ್ಥಹಳ್ಳಿ ಕಡೆಯವರು, ಜೀವನ ಪೂರ್ತಿ ಮನೆ ತೋಟ ಅಂತ ಇದ್ದವರು, ಮಾವ ಹೋದ್ಮೇಲೆ ಮೊದಲ ಸಲ ಬಾಯಿಬಿಟ್ಟು ಇಂಥದ್ದು ಬೇಕು ಅಂತ ಕೇಳಿದ್ದು ಇದೇ, ಎಲ್ಲಾದ್ರೂ ಸಮುದ್ರದ ಪಕ್ಕ ನಾಲ್ಕು ದಿನ ಸುಮ್ನೆ ಕೂತಿರ್ಬೇಕು ಅಂತ. ಅದನ್ನ ಸರಿಯಾಗಿ ನಡೆಸಿಕೊಡ್ಬೇಕು ಅಂತ ನಮ್ಮಿಬ್ರಿಗೂ ತುಂಬಾ ಆಸೆ ಇದೆ.

ಹಂಗಾಗಿ ಒಂದೇ ಒಂದು ಚಿಕ್ಕ ದ್ವೀಪ, ಒಂದು ವಾರ ಅಲ್ಲೇ. ಜನ ಕಮ್ಮಿ ಇರ್ಬೇಕು, ಕ್ರೂಸ್ ಹಡಗು ಬರ್ಬಾರ್ದು, ಅತ್ತೆ ರೂಮಿಂದ ಮೆಟ್ಟಿಲು ಹತ್ತದೆ ಇಳಿಯದೆ ನೀರಿನ ಹತ್ರ ನಡ್ಕೊಂಡು ಹೋಗೋ ಹಾಗಿರ್ಬೇಕು (ಮಂಡಿ ನೋವಿದೆ, ಸಮತಟ್ಟು ಇದ್ರೆ ಆರಾಮಾಗಿ ನಡೀತಾರೆ). ಮತ್ತೆ ಅವರು ಮೊಟ್ಟೆನೂ ಮುಟ್ಟಲ್ಲ, ಊಟ ಏನ್ ಗತಿ? ಯಾವ ತಿಂಗಳು ಒಳ್ಳೇದು? ಫೆರ್ರಿ ಅಂದ್ರೆ ನನಗೆ ಸ್ವಲ್ಪ ಭಯ, ಅದನ್ನೂ ತಿಳಿದೋರು ಹೇಳಿ. ಹೋಗಿ ಬಂದೋರು ಯಾರಾದ್ರೂ ಇದ್ರೆ ವಿವರವಾಗಿ ಬರೀರಿ ಪ್ಲೀಸ್, ಉದ್ದ ಆದ್ರೂ ಪರ್ವಾಗಿಲ್ಲ, ಪೂರ್ತಿ ಓದ್ತೀನಿ.

ಸಾಧನಕೇರಿ

ಅಕ್ಕಾರ, ನೀವು ಕೇಳಿದ್ದಕ್ಕ ನನ್ನ ಕಡೆ ಒಂದ ಹೆಸರು ಐತಿ ನೋಡ್ರಿ, ಟಿಲೋಸ್. ನಾನು ಧಾರವಾಡದಾಕಿ, ಈಗ ಜರ್ಮನ್ಯಾಗ ಇರ್ತೀನಿ, ಇಲ್ಲಿಂದ ಗ್ರೀಸ್ ಹತ್ರ ಅಂತ ರಜಾ ಸಿಕ್ಕಾಗ ಹೋಗ್ತಿರ್ತೀವಿ. ಬ್ಯಾರೆ ದ್ವೀಪಾನೂ ನೋಡೇವಿ, ಆದ್ರ ನಿಮ್ಮ ಅತ್ತಿಯವರ ವಿಚಾರ ಓದಿದ ಕೂಡ್ಲೆ ನನಗ ಟಿಲೋಸ್ ಬಿಟ್ಟು ಬ್ಯಾರೆ ಏನೂ ನೆನಪಾಗ್ಲಿಲ್ಲ.

ಇದು ಡೊಡೆಕನೀಸ್ ಅನ್ನೋ ದ್ವೀಪಗಳ ಗುಂಪಿನ್ಯಾಗ ಬರ್ತೈತಿ, ರೋಡ್ಸ್ ಮತ್ತ ಕೋಸ್ ನಡುವ, ಆಚೀಕಡೆ ಟರ್ಕಿ ಗುಡ್ಡ ಕಾಣ್ತಾವ. ವಿಸ್ತೀರ್ಣ ಅರವತ್ತು ಚದರ ಕಿಲೋಮೀಟರ್ ಮ್ಯಾಲೆ ಸ್ವಲ್ಪ, ಜನ ಏಳುನೂರ ಐವತ್ತರ ಆಸುಪಾಸು ಅಷ್ಟ. ವಿಮಾನ ನಿಲ್ದಾಣ ಇಲ್ಲ, ಅದಕ್ಕ ಗದ್ದಲಾನೂ ಇಲ್ಲ. ಬಂದರಿನ ಊರು ಲಿವಾಡಿಯಾ. ಅಲ್ಲಿ ಕೊಲ್ಲಿ ಅರ್ಧಚಂದ್ರಾಕಾರ ಬಾಗೇತಿ, ಅದರ ಉದ್ದಕ್ಕ ದಂಡಿಗುಂಟ ಸಪಾಟ ಕಾಲುದಾರಿ ಐತಿ, ಒಂದ ಕಡೆ ನೀರು, ಇನ್ನೊಂದ ಕಡೆ ಸಣ್ಣ ಸಣ್ಣ ಹೋಟೆಲ್, ಬಾಡಿಗಿ ರೂಮು, ನಡುವ ಗಿಡದ ನೆರಳು. ನೀವು ದಾರಿಗೆ ಹತ್ತಿಕೊಂಡಿರೋ ರೂಮ್ ತಗೊಂಡ್ರ ಅತ್ತಿಯವರು ಚಪ್ಪಲಿ ಮೆಟ್ಟಿ ಹೊರಗ ಬಂದ್ರ ಸಾಕು, ಸಮುದ್ರ ಅಲ್ಲೇ. ಸ್ಯಾಂಟೊರಿನಿ, ಫೋಲೆಗಾಂಡ್ರೋಸ್, ಅನಾಫಿ ಇವೆಲ್ಲಾ ಊರು ಗುಡ್ಡದ ಮ್ಯಾಲೆ, ಸಮುದ್ರ ಕೆಳಗ, ಮಂಡಿ ನೋವಿದ್ದೋರಿಗೆ ಅದು ದಿನಾ ಶಿಕ್ಷೆ. ಚಿತ್ರದಾಗ ಭಾಳ ಚಂದ ಕಾಣ್ತಾವ ಖರೆ, ಆದ್ರ ನಿಮಗ ಬ್ಯಾಡ.

ಒಂದ ಮಾತು, ದಂಡಿ ಮ್ಯಾಲೆ ಉಸುಕಿಲ್ಲ, ಉರುಟು ಕಲ್ಲು. ನೀರಿಗಿಳಿಯೋದಾದ್ರ ರಬ್ಬರ್ ಬೂಟು ಒಯ್ರಿ, ಬರಿಗಾಲಿಗೆ ಚುಚ್ಚತಾವ, ಕಲ್ಲಿನ ಸಂದಿಗೆ ಮುಳ್ಳಿನ ಕಡಲಚೆಂಡು ಅದಾವ. ಆದ್ರ ಅದರಿಂದನ ನೀರು ಅಷ್ಟು ತಿಳಿ, ಎದಿಮಟ್ಟ ನೀರಾಗ ನಿಂತ್ರೂ ಕಾಲಬೆರಳು ಕಾಣ್ತಾವ. ಉಸುಕ ಬೇಕಂದ್ರ ಎರಿಸ್ಟೋಸ್ ಅಂತ ಇನ್ನೊಂದ ಕಡಲತೀರ ಐತಿ, ಬಸ್ಸಿನ್ಯಾಗ ಹೋಗಬಹುದು.

ದ್ವೀಪದ ಮುಖ್ಯ ಊರು ಮೆಗಾಲೊ ಹೊರಿಯೊ, ಒಳಗ ಐತಿ, ಮ್ಯಾಲೆ ಗುಡ್ಡದ ತುದಿಗೆ ಸೇಂಟ್ ಜಾನ್ ನೈಟ್ಸ್ ಅನ್ನೋ ಹಳೇ ಕ್ರಿಶ್ಚಿಯನ್ ಯೋಧರ ಪಂಥದ ಕಾಲದ ಕೋಟಿ. ಇನ್ನೊಂದು ಊರಿತ್ತು, ಮಿಕ್ರೊ ಹೊರಿಯೊ. ಎರಡನೇ ಮಹಾಯುದ್ಧ ಮುಗಿದ ಮ್ಯಾಲೆ ಅಲ್ಲಿ ಮಂದಿ ಒಬ್ಬೊಬ್ಬರಾಗಿ ಬಂದರಿನ ಕಡೆ ಇಳಿದು ಹೋದ್ರು, ಕೆಲವರು ದೇಶಾನ ಬಿಟ್ಟು ಹೋದ್ರು, ಈಗ ಗೋಡಿ ಅಷ್ಟ ನಿಂತಾವ. ಚಾವಣಿ ಕಟ್ಟಿಗಿ ಸೈತ ಬಿಚ್ಚಿಕೊಂಡು ಒಯ್ದಾರ, ಕೆಳಗ ಹೊಸ ಮನಿ ಕಟ್ಟಾಕ ಬೇಕಲ್ಲ. ಬಾಗಲದ ಚೌಕಟ್ಟಿನ್ಯಾಗ ಅಂಜೂರದ ಗಿಡ ಬೆಳದಾವ, ಒಲಿ ಇದ್ದ ಮೂಲಿ ಗೋಡಿ ಇನ್ನೂ ಕರ್ರಗ ಐತಿ. ಊರಾಗ ಒಂದ ಚರ್ಚ್ ಮಾತ್ರ ಸುಣ್ಣ ಹಚ್ಚಿ ಚೊಕ್ಕ ಇಟ್ಟಾರ. ಬಂದರಿನಿಂದ ಎರಡು ಮೂರು ಕಿಲೋಮೀಟರ್ ಏರು, ಅತ್ತಿಯವರಿಗೆ ಟ್ಯಾಕ್ಸಿ ಮಾಡ್ರಿ, ಬಿಡಬ್ಯಾಡ್ರಿ.

ಮತ್ತ ಆನಿ! ಖರೇನ ಆನಿ. ಖಾರ್ಕಾಡಿಯೊ ಅನ್ನೋ ಗವಿಯೊಳಗ 1971ರಾಗ ಅಥೆನ್ಸ್ ವಿಶ್ವವಿದ್ಯಾಲಯದವರಿಗೆ ಗುಜ್ಜ ಆನಿಗಳ ಎಲುಬು ಸಿಕ್ಕಾವ. ಬೆಳೆದ ಆನಿನ ಎತ್ತರ ಸುಮಾರು ಒಂದೂವರಿ ಮೀಟರ್ ಅಷ್ಟ. ದ್ವೀಪದಾಗ ಮೇವು ಕಮ್ಮಿ, ಹಿಡದು ತಿನ್ನೋ ದೊಡ್ಡ ಪ್ರಾಣಿನೂ ಇಲ್ಲ, ದೊಡ್ಡ ಮೈ ಇಟ್ಕೊಂಡು ಉಪಯೋಗಿಲ್ಲ, ಹಂಗಾಗಿ ತಲೆಮಾರಿನಿಂದ ತಲೆಮಾರಿಗೆ ಸಣ್ಣಾಗಿ ಹೋದ್ವು ಅಂತ ಹೇಳ್ತಾರ. ಯುರೋಪಿನ್ಯಾಗ ಕಡೀತನಕ ಉಳಿದಿದ್ದ ಆನಿಗಳೊಳಗ ಇವೂ ಒಂದು. 2007ರಾಗ ಇದಕ್ಕ ದ್ವೀಪದ ಹೆಸರಿಂದನ ವೈಜ್ಞಾನಿಕ ಹೆಸರು ಇಟ್ರು. ಗವಿಯೊಳಗ ಬಿಡಂಗಿಲ್ಲ, ಎಲುಬು ನೋಡಾಕ ಮ್ಯೂಜಿಯಂ ಐತಿ. ನಮ್ಮ ಮಂದಿಗೆ ಆನಿ ಅಂದ್ರ ಬ್ಯಾರೇನ ಪ್ರೀತಿ, ನಿಮ್ಮ ಅತ್ತಿಯವರಿಗೆ ತೋರಸ್ರಿ.

ನನಗ ಈ ದ್ವೀಪ ಇಷ್ಟು ಸೇರಾಕ ಇನ್ನೊಂದ ಕಾರಣ ಐತಿ. ಇಲ್ಲಿ ಶಾಂತಿ ತಾನಾಗೇ ಉಳದಿದ್ದಲ್ಲ, ಮಂದಿ ಕುಂತು ತೀರ್ಮಾನ ಮಾಡಿ ಉಳಿಸಿದ್ದು. 1993ರಾಗ ಬೇಟೆ ನಿಲ್ಲಿಸಿದ್ರು, ಗ್ರೀಸಿನ್ಯಾಗ ಇದು ಸಣ್ಣ ಮಾತಲ್ಲ, ಅಲ್ಲಿ ಬೇಟೆ ಅಂದ್ರ ಜೀವ ಬಿಡ್ತಾರ. ಈಗ ಗಿಡುಗ, ಹದ್ದು ಗೂಡು ಕಟ್ಟತಾವ, ಬೆಳಿಗ್ಗೆ ಎದ್ರ ಹಕ್ಕಿ ದನಿ ಬಿಟ್ರ ಬ್ಯಾರೆ ಸಪ್ಪಳ ಇಲ್ಲ. ಕರೆಂಟು ಮೊದಲ ಕೋಸ್ ಕಡಿಂದ ಸಮುದ್ರದ ತಳದ ಕೇಬಲ್‌ನಾಗ ಬರ್ತಿತ್ತು, ಮ್ಯಾಲಿಂದ ಮ್ಯಾಲೆ ಹೋಗ್ತಿತ್ತು. ಈಗ 800 ಕಿಲೋವ್ಯಾಟ್‌ದ ಒಂದ ಗಾಳಿಯಂತ್ರ, 160 ಕಿಲೋವ್ಯಾಟ್ ಸೋಲಾರ್, ಜೊತಿಗೆ ದೊಡ್ಡ ಬ್ಯಾಟರಿ ಹಾಕಿ ತಮ್ಮ ಕರೆಂಟು ಬಹುಪಾಲು ತಾವ ಮಾಡ್ಕೋತಾರ, 2017ರಾಗ ಯುರೋಪಿಯನ್ ಯೂನಿಯನ್ ಪ್ರಶಸ್ತಿ ಸೈತ ಬಂತು. ಆಮ್ಯಾಲೆ ಕಸ. ಬೀದಿಯೊಳಗಿನ ದೊಡ್ಡ ಕಸದ ಡಬ್ಬಿ ತಗದು, ಗುಡ್ಡದಾಗಿನ ಕಸದ ತಿಪ್ಪಿ ಮುಚ್ಚಿ, ಮನಿಮನಿಗೆ ಬಂದು ಬ್ಯಾರೆ ಬ್ಯಾರೆ ಮಾಡಿದ ಕಸ ಒಯ್ತಾರ. ನಿಮ್ಮ ರೂಮಿನ್ಯಾಗೂ ಹಸಿ ಕಸ, ಮರುಬಳಕಿ ಆಗೋದು, ಉಳಿದಿದ್ದು ಅಂತ ಬ್ಯಾರೆ ಇಡಬೇಕು, ದಯವಿಟ್ಟು ಪಾಲಸ್ರಿ. ಸಿರಿಯಾದಿಂದ ಓಡಿ ಬಂದ ಕುಟುಂಬಗಳಿಗೆ ಜಾಗ ಕೊಟ್ಟ ಊರು ಇದು. ಇಷ್ಟು ಸಣ್ಣ ಊರಿನ ಮಂದಿ ಇಷ್ಟೆಲ್ಲಾ ಮಾಡ್ಯಾರಲ್ಲ ಅಂತ ಅಲ್ಲಿ ಹೋದಾಗೆಲ್ಲಾ ನನಗ ಎದಿ ತುಂಬಿ ಬರ್ತೈತಿ.

ತಿಂಗಳು ಅಂದ್ರ ಮೇ ಕಡೀ ವಾರದಿಂದ ಜೂನ್ ನಡುತನಕ, ಇಲ್ಲಾಂದ್ರ ಸೆಪ್ಟೆಂಬರ್. ಜುಲೈ ಆಗಸ್ಟ್ ಬಿಸಿಲು ಭಾಳ, ಆಗಸ್ಟ್ 15ರ ಮೇರಿಮಾತೆ ಹಬ್ಬಕ್ಕ ಗ್ರೀಸಿನ ಮಂದಿನ ತಮ್ಮ ತಮ್ಮ ಊರಿಗೆ ಬರ್ತಾರ, ರೂಮು ಸಿಗಂಗಿಲ್ಲ. ಚಳಿಗಾಲದಾಗ ಹೋಟೆಲ್ ಹೆಚ್ಚುಕಮ್ಮಿ ಎಲ್ಲಾ ಬಂದ್.

ಕಡಲ_ಮಗ

ಫೆರ್ರಿ ಬಗ್ಗೆ ನಾನು ಹೇಳ್ತೇನೆ. ನಾನು ಮಂಗಳೂರಿನವ, ಮರ್ಚೆಂಟ್ ಶಿಪ್ಪಲ್ಲಿ ಕೆಲಸ, ಗ್ರೀಕ್ ಮಾಲೀಕರ ಹಡಗುಗಳಲ್ಲಿಯೇ ಹೆಚ್ಚು ಮಾಡಿದ್ದು, ಅಥೆನ್ಸ್ ಹತ್ರದ ಪಿರೇಯಸ್ ಬಂದರು ನನಗೆ ಚೆನ್ನಾಗಿ ಗೊತ್ತುಂಟು. ಹೆದರುವ ಅಗತ್ಯ ಎಂತದ್ದೂ ಇಲ್ಲ ಮೇಡಂ, ಆದ್ರೆ ಗಾಳಿಗೆ ಮರ್ಯಾದೆ ಕೊಡ್ಬೇಕು.

ಏಜಿಯನ್ ಸಮುದ್ರದಲ್ಲಿ ಬೇಸಿಗೆಗೆ ಮೆಲ್ಟೆಮಿ ಅಂತ ಉತ್ತರದ ಗಾಳಿ ಬೀಸ್ತದೆ, ಜುಲೈ ಆಗಸ್ಟಲ್ಲಿ ಅದರ ಜೋರು. ಆಕಾಶ ನೀಲಿ ಇರ್ತದೆ, ಒಂದು ಮೋಡ ಇಲ್ಲ, ಬಿಸಿಲು ಹೊಡೀತಾ ಇರ್ತದೆ, ಆದ್ರೆ ಸಮುದ್ರ ಪೂರ್ತಿ ಬಿಳಿ ನೊರೆ. ನಮ್ಮ ಊರಿನವರಿಗೆ ಗಾಳಿ ಅಂದ್ರೆ ಮಳೆ ಜೊತೆಗೇ ಬರ್ಬೇಕು, ಹಾಗಾಗಿ ಇದು ಹೊಸಬರಿಗೆ ಅಂದಾಜು ಸಿಗುವುದಿಲ್ಲ. ಇನ್ನೊಂದು ವಿಷಯ ಹೇಳ್ಬೇಕು, ಈ ಗಾಳಿಗೂ ನಮ್ಮ ಮುಂಗಾರಿಗೂ ಸಂಬಂಧ ಉಂಟು. ಬಾಲ್ಕನ್ ಕಡೆ ಒತ್ತಡ ಹೆಚ್ಚು, ಟರ್ಕಿ ಮೇಲೆ ಕಮ್ಮಿ, ಆ ವ್ಯತ್ಯಾಸಕ್ಕೆ ಗಾಳಿ ಹುಟ್ಟುವುದು. ಟರ್ಕಿ ಮೇಲಿನ ಆ ಕಮ್ಮಿ ಒತ್ತಡ ಅಂದ್ರೆ ನಮ್ಮ ದಕ್ಷಿಣ ಏಷ್ಯಾದ ಮುಂಗಾರಿನ ಕಮ್ಮಿ ಒತ್ತಡದ ಪಟ್ಟಿಯದ್ದೇ ಪಶ್ಚಿಮದ ತುದಿ. ನಮ್ಮಲ್ಲಿ ಮಳೆಗಾಲಕ್ಕೆ ದೋಣಿ ಮೇಲೆ ಎಳೆದು ಕೂತಿರುವ ಹೊತ್ತಿಗೇ ಅಲ್ಲಿ ಮೆಲ್ಟೆಮಿ ಜೋರಿರ್ತದೆ.

ಈಗ ಕೆಲಸದ ಮಾತು. ಗಾಳಿ ಜಾಸ್ತಿ ಆದ್ರೆ ಕೋಸ್ಟ್ ಗಾರ್ಡಿನವರು ಹಡಗು ಬಿಡ್ಲಿಕ್ಕೆ ಬಿಡುವುದಿಲ್ಲ. ಸಾಮಾನ್ಯವಾಗಿ 8 ಬೋಫರ್ಟ್‌ಗೆ (ಗಾಳಿಯ ಜೋರು ಅಳೆಯುವ ಲೆಕ್ಕ ಅದು) ಹೋದ್ರೆ ದೊಡ್ಡ ಫೆರ್ರಿನೂ ನಿಲ್ತದೆ, ಕ್ಯಾಟಮರಾನ್ ಥರದ ಸಣ್ಣ ವೇಗದ ಹಡಗು ಅದಕ್ಕಿಂತ ಮೊದಲೇ ನಿಲ್ತದೆ. ಟಿಲೋಸ್‌ಗೆ ರೋಡ್ಸ್‌ನಿಂದ ಕ್ಯಾಟಮರಾನಲ್ಲಿ ಸುಮಾರು ಎರಡು ಗಂಟೆ, ದೊಡ್ಡ ಫೆರ್ರಿ ಸ್ವಲ್ಪ ಜಾಸ್ತಿ ತಗೊಳ್ತದೆ. ಪಿರೇಯಸ್‌ನಿಂದ ನೇರ ಹೋದ್ರೆ ರಾತ್ರಿ ಪೂರ್ತಿ ಪ್ರಯಾಣ, ಅಮ್ಮನವರನ್ನು ಕಟ್ಟಿಕೊಂಡು ಅದು ಬೇಡ, ಬೇಕೇ ಬೇಕಂದ್ರೆ ಕ್ಯಾಬಿನ್ ತಗೊಳ್ಳಿ. ಒಳ್ಳೆ ದಾರಿ ಅಂದ್ರೆ ಅಥೆನ್ಸ್‌ನಿಂದ ರೋಡ್ಸ್‌ಗೆ ವಿಮಾನ, ಒಂದು ಗಂಟೆ ಆಚೀಚೆ, ಅಲ್ಲಿ ಒಂದು ರಾತ್ರಿ ನಿಂತು ಮರುದಿನ ಹಡಗು. ದಿನಾ ಹಡಗು ಇರ್ತದೆ ಅಂತ ಇಟ್ಕೊಳ್ಬೇಡಿ, ವೇಳಾಪಟ್ಟಿ ನೋಡಿ ಆಮೇಲೆ ವಿಮಾನ ಬುಕ್ ಮಾಡಿ, ಉಲ್ಟಾ ಮಾಡ್ಬೇಡಿ. ಮತ್ತೆ ರೋಡ್ಸಲ್ಲಿ ಹಡಗು ಹೊರಡುವ ಜಾಗ ಒಂದೇ ಅಲ್ಲ, ಕ್ಯಾಟಮರಾನ್ ಒಂದು ಕಡೆ, ದೊಡ್ಡ ಫೆರ್ರಿ ಇನ್ನೊಂದು ಕಡೆ. ಟಿಕೆಟಲ್ಲಿ ಬಂದರಿನ ಹೆಸರು ನೋಡಿಕೊಂಡೇ ಟ್ಯಾಕ್ಸಿ ಹತ್ತಿ.

ವಾಪಸ್ ಬರುವಾಗ ಇದು ಮುಖ್ಯ, ಕೇಳಿ. ದ್ವೀಪದಿಂದ ಹೊರಟ ದಿನವೇ ಊರಿಗೆ ವಿಮಾನ ಇಡ್ಬೇಡಿ. ನಡುವೆ ಒಂದು ಪೂರ್ತಿ ದಿನ ರೋಡ್ಸಲ್ಲೋ ಅಥೆನ್ಸಲ್ಲೋ ಇಡಿ. ಗಾಳಿ ಎದ್ದು ಹಡಗು ನಿಂತ್ರೆ ಯಾರನ್ನು ಬೈದೂ ಪ್ರಯೋಜನ ಇಲ್ಲ.

ಸಣ್ಣ ದ್ವೀಪಗಳಲ್ಲಿ ದೊಡ್ಡ ಫೆರ್ರಿ ನಿಲ್ಲುವುದೇ ಕೆಲವು ನಿಮಿಷ. ಬಂದರಿನ ಒಳಗೆ ಬಂದು ಹಡಗು ತಿರುಗ್ತದೆ, ಮುಂದಿನ ಲಂಗರು ಬಿಡ್ತಾರೆ, ಸರಪಳಿ ಇಳಿಯುವ ಶಬ್ದ ಗಡಗಡ ಅಂತ ಇಡೀ ಹಡಗಿಗೆ ಕೇಳ್ತದೆ, ಹಿಂಬದಿಯಿಂದ ಜೆಟ್ಟಿಗೆ ಬರ್ತದೆ, ಇನ್ನೂ ತಾಗುವ ಮೊದಲೇ ಹಿಂದಿನ ಬಾಗಿಲು ಅರ್ಧ ಇಳಿದಿರ್ತದೆ. ನೀವು ಆಗ ಮೇಲೆ ಸೀಟಲ್ಲಿದ್ರೆ ಆಗ್ಲಿಕ್ಕಿಲ್ಲ. ಊರಿನ ಹೆಸರು ಮೈಕಲ್ಲಿ ಕೇಳಿದ ಕೂಡ್ಲೇ ಕೆಳಗೆ ವಾಹನ ನಿಲ್ಲುವ ಡೆಕ್ಕಿಗೆ ಇಳೀಬೇಕು, ಅಮ್ಮನವರ ಕೈ ಹಿಡ್ಕೊಳ್ಳಿ, ಅಲ್ಲಿ ನೆಲ ಎಣ್ಣೆಗೆ ಜಾರ್ತದೆ, ಲಾರಿ ಬೈಕು ಒಟ್ಟಿಗೇ ಹೊರಡ್ತವೆ. ಒಂದು ದೊಡ್ಡ ಸೂಟ್‌ಕೇಸ್‌ಗಿಂತ ಮೂರು ಸಣ್ಣ ಬ್ಯಾಗ್ ಒಳ್ಳೇದು. ವಾಂತಿ ಬರುವ ಅಭ್ಯಾಸ ಇದ್ರೆ ಹಡಗಿನ ನಡುಭಾಗದಲ್ಲಿ ಕೂತ್ಕೊಳ್ಳಿ, ಮಾತ್ರೆ ಹತ್ತುವ ಮೊದಲೇ ತಗೊಳ್ಳಿ, ತೇಲುವಾಗ ಮೊಬೈಲ್ ನೋಡ್ಲಿಕ್ಕೆ ಹೋಗ್ಬೇಡಿ, ದೂರದ ಗುಡ್ಡ ನೋಡಿ.

ಚಾಮುಂಡಿಪುರಂ

ಸಾಧನಕೇರಿ ಅವರು ಬರ್ದಿರೋದು ಚೆನ್ನಾಗಿದೆ, ಆದ್ರೆ ನನಗೆ ಒಂದು ವಿಷಯದಲ್ಲಿ ಒಪ್ಪಿಗೆ ಇಲ್ಲ, ಬೇಜಾರು ಮಾಡ್ಕೋಬೇಡಿ. ಮೊದಲನೇ ಸಲ ಯುರೋಪಿಗೆ ಹೋಗ್ತಿರೋ ವಯಸ್ಸಾದವ್ರನ್ನ ಏಳುನೂರು ಜನ ಇರೋ ದ್ವೀಪಕ್ಕೆ ಕರ್ಕೊಂಡು ಹೋಗೋದು ರಿಸ್ಕ್. ಅಲ್ಲಿ ಚಿಕ್ಕ ಕ್ಲಿನಿಕ್ ಬಿಟ್ರೆ ಏನೂ ಇರಲ್ಲ, ಎದೆನೋವು ಅಂದ್ರೆ ರೋಡ್ಸ್ ಆಸ್ಪತ್ರೆಗೇ ಹೋಗ್ಬೇಕು. ನನ್ನ ಓಟು ನಾಕ್ಸೋಸ್‌ಗೆ. ದೊಡ್ಡ ದ್ವೀಪ, ವಿಮಾನ ನಿಲ್ದಾಣ ಇದೆ, ವೈದ್ಯಕೀಯ ಕೇಂದ್ರ ಇದೆ, ಉದ್ದುದ್ದ ಮರಳಿನ ಬೀಚ್ ಇದೆ, ಒಳಗಡೆ ಹಳ್ಳಿಗಳು ನಿಜವಾಗ್ಲೂ ಶಾಂತವಾಗಿವೆ, ಅಲ್ಲಿ ಆಲೂಗಡ್ಡೆ, ಚೀಸ್ ಎರಡೂ ಫೇಮಸ್ಸು. ಶಾಂತಿ ಬೇಕು ಅಂದ್ರೆ ಊರಿಂದ ಸ್ವಲ್ಪ ದೂರ ರೂಮ್ ಮಾಡಿ.

ನಾನು ಒಬ್ನೇ ಆಗಿದ್ರೆ ಅನಾಫಿಗೆ ಹೋಗ್ತಿದ್ದೆ. ಸ್ಯಾಂಟೊರಿನಿ ಪಕ್ಕದಲ್ಲೇ ಇದ್ರೂ ಮುನ್ನೂರು ಜನಾನೂ ಇಲ್ಲ, ಒಂದು ತುದೀಲಿ ಕಲಾಮೋಸ್ ಅಂತ ನಾನೂರು ಮೀಟರ್ ಮೇಲೆ ಎದ್ದು ನಿಂತಿರೋ ಒಂದೇ ಬಂಡೆ ಇದೆ, ಅದರ ಬುಡದಲ್ಲಿ ಹಳೇ ಅಪೊಲೊ ದೇವಸ್ಥಾನದ ಕಲ್ಲುಗಳ ಮೇಲೇ ಕಟ್ಟಿರೋ ಮಠ. ಮೂವತ್ತರ ದಶಕದಲ್ಲಿ ಮೆಟಾಕ್ಸಾಸ್ ಸರ್ವಾಧಿಕಾರಿ ಆಗಿದ್ದಾಗ ರಾಜಕೀಯ ವಿರೋಧಿಗಳನ್ನ ಗಡೀಪಾರು ಮಾಡಿ ಕಳಿಸ್ತಿದ್ದ ದ್ವೀಪ ಅದು. ಅಥೆನ್ಸಲ್ಲಿ ಅಕ್ರೊಪೊಲಿಸ್ ಬುಡದಲ್ಲಿ ಅನಾಫಿಯೊಟಿಕಾ ಅಂತ ಪುಟ್ಟ ಪುಟ್ಟ ಬಿಳಿ ಮನೆಗಳ ಓಣಿ ಇದೆಯಲ್ಲ, ಅದನ್ನ ಕಟ್ಟಿದ್ದು ಇದೇ ಅನಾಫಿಯಿಂದ ಕೆಲಸಕ್ಕೆ ಬಂದ ಗಾರೆಯವರು, ಹತ್ತೊಂಬತ್ತನೇ ಶತಮಾನದಲ್ಲಿ ಗ್ರೀಸಿನ ರಾಜ ಒಟ್ಟೊನ ಕಾಲದಲ್ಲಿ ಅಥೆನ್ಸ್ ಕಟ್ಟೋಕೆ ಬಂದವ್ರು ತಮ್ಮೂರಿನ ಥರಾನೇ ಮನೆ ಮಾಡ್ಕೊಂಡ್ರು. ಅಥೆನ್ಸಲ್ಲಿ ಇದ್ದಾಗ ಅದನ್ನಾದ್ರೂ ನೋಡಿ. ಆದ್ರೆ ಅನಾಫಿ ಊರು ಪೂರ್ತಿ ಮೆಟ್ಟಿಲು, ಅತ್ತೆಯವರಿಗೆ ಆಗಲ್ಲ ಅನ್ನೋದು ಸರಿಯಾಗೇ ಇದೆ.

ಸಾಧನಕೇರಿ

ಚಾಮುಂಡಿಪುರಂ ಅವ್ರ, ಆಸ್ಪತ್ರಿ ಮಾತು ಖರೆ ಐತಿ, ಅದನ್ನ ಮುಚ್ಚಿಡಬಾರದು. ಹೃದಯದ ತೊಂದ್ರಿ, ಡಯಾಲಿಸಿಸ್, ಇಂಥಾವು ಏನಾದ್ರೂ ಇದ್ರ ನಾನೂ ನಾಕ್ಸೋಸ್ ಅಂತೀನಿ. ಬರೇ ಮಂಡಿ ನೋವು ಇದ್ದಾರ ಅಂದ್ರ ಟಿಲೋಸ್ ಬಿಡಬ್ಯಾಡ್ರಿ. ಔಷಧ ಪೂರ್ತಿ ಪ್ರವಾಸಕ್ಕ ಆಗೋಷ್ಟು, ಮ್ಯಾಲೆ ಒಂದಷ್ಟು ದಿನದ್ದು ಹೆಚ್ಚಿಗಿ ಒಯ್ರಿ, ಡಾಕ್ಟರ್ ಚೀಟಿಯೊಳಗ ಔಷಧದ ಮೂಲ ಹೆಸರು ಬರಸ್ರಿ, ಯಾಕಂದ್ರ ನಮ್ಮ ಕಂಪನಿ ಹೆಸರು ಅಲ್ಲಿ ಯಾರಿಗೂ ತಿಳಿಯಂಗಿಲ್ಲ.

ನಾಕ್ಸೋಸ್ ಚಂದ ಇಲ್ಲ ಅಂತ ನಾ ಅನ್ನಂಗಿಲ್ಲ. ಆದ್ರ ಅಲ್ಲಿ ಹೋದ್ರ ಇವತ್ತು ಈ ಬೀಚು, ನಾಳೆ ಆ ಹಳ್ಳಿ, ನಾಡಿದ್ದು ಬೋಟು ಅಂತ ಮನಸ್ಸು ಓಡತೈತಿ. ಟಿಲೋಸ್‌ನಾಗ ನೋಡೋದು ಮೂರು ದಿನದಾಗ ಮುಗೀತೈತಿ. ನಾಲ್ಕನೇ ದಿನಕ್ಕ ಬ್ರೆಡ್ಡಿನ ಅಂಗಡಿಯಾಕಿ ನಿಮ್ಮನ್ನ ಗುರುತು ಹಿಡೀತಾಳ, ಸಂಜಿ ಮುಂದ ಕಟ್ಟಿ ಮ್ಯಾಲೆ ಕುಂತ ಅಜ್ಜಿಗಳು ನಿಮ್ಮ ಅತ್ತಿಯವರಿಗೆ ಜಾಗ ಬಿಡತಾರ, ಭಾಷಾ ಬರದಿದ್ರೂ ಮಂಡಿ ಒತ್ತಿ ತೋರಿಸಿ ಮಾತಾಡತಾರ. ಸುಮ್ಮನ ಕುಂದ್ರಬೇಕು ಅಂತ ಅವರು ಕೇಳ್ಯಾರ ಅಂದ್ರ ಅದಕ್ಕ ನೋಡೋದು ಕಮ್ಮಿ ಇರೋ ಊರ ಬೇಕ್ರಿ.

ಹೆಸರುಬೇಳೆ

ಊಟದ ವಿಷಯ ನಾನು ಹೇಳ್ತೀನಿ. ಕೆಲಸದ ಮೇಲೆ ಅಥೆನ್ಸಲ್ಲಿದೀನಿ, ಹುಟ್ಟಾ ಸಸ್ಯಾಹಾರಿ, ನಮ್ಮಮ್ಮನೂ ಬಂದು ನನ್ನ ಜೊತೆ ಇದ್ದು ಹೋಗಿದಾರೆ. ಗ್ರೀಸ್ ನಮ್ಮಂಥವ್ರಿಗೆ ಯುರೋಪಲ್ಲೇ ಸುಲಭದ ದೇಶ, ಕಾರಣ ಏನಂದ್ರೆ ಅಲ್ಲಿನ ಆರ್ಥೊಡಾಕ್ಸ್ ಕ್ರಿಶ್ಚಿಯನ್ರಿಗೆ ಉಪವಾಸದ ದಿನಗಳು ತುಂಬಾ. ಈಸ್ಟರ್ ಮುಂಚೆ ಇಡೀ ಲೆಂಟ್, ಆಗಸ್ಟ್ 1ರಿಂದ 14, ಕ್ರಿಸ್‌ಮಸ್ ಮುಂಚೆ, ಜೊತೆಗೆ ಬುಧವಾರ ಶುಕ್ರವಾರ. ಆ ದಿನಗಳಲ್ಲಿ ಮಾಂಸ, ಹಾಲು, ಮೊಟ್ಟೆ ಇಲ್ಲ, ಹಂಗಾಗಿ ತರಕಾರಿ ಕಾಳಿನ ಅಡುಗೆ ತಲೆತಲಾಂತರದಿಂದ ಚೆನ್ನಾಗಿ ಬೆಳೆದಿದೆ. ಆ ಊಟಕ್ಕೆ ನಿಸ್ತಿಸಿಮೊ ಅಂತಾರೆ. ಆದ್ರೆ ಹುಷಾರು, ಸಿಗಡಿ, ಆಕ್ಟೊಪಸ್, ಕಪ್ಪೆಚಿಪ್ಪು ಇವೆಲ್ಲ ಉಪವಾಸಕ್ಕೆ ನಡೆಯುತ್ತೆ ಅವ್ರಿಗೆ! ಆದ್ದರಿಂದ ನಿಸ್ತಿಸಿಮೊ ಅಂದ ಕೂಡ್ಲೇ ತಟ್ಟೆ ತಗೋಬೇಡಿ, ಮಾಂಸ ಮೀನು ಸೀಫುಡ್ ಮೊಟ್ಟೆ ಯಾವ್ದೂ ಇಲ್ವಾ ಅಂತ ಒಂದೊಂದೇ ಹೆಸರು ಹೇಳಿ ಕೇಳಿ. ಗ್ರೀಕ್‌ನಲ್ಲಿ ಒಂದು ಚೀಟಿ ಬರೆಸಿ ಅತ್ತೆ ಪರ್ಸಲ್ಲಿ ಇಡಿ.

ಕೇಳ್ಬೇಕಾದ್ದು ಇವು. ಫಾವಾ, ಹಳದಿ ಬೇಳೆ ಬೇಯಿಸಿ ನುಣ್ಣಗೆ ಮಾಡಿ ಮೇಲೆ ಈರುಳ್ಳಿ ಎಣ್ಣೆ ಹಾಕ್ತಾರೆ, ನಿಂಬೆಹಣ್ಣು ಹಿಂಡಿ ತಿಂದ್ರೆ ನಮ್ಮ ತೊವ್ವೆ ತಿಂದ ಸಮಾಧಾನ. ಗಿಗಾಂಡೆಸ್, ದೊಡ್ಡ ಬಿಳಿ ಅವರೆ ಥರದ ಕಾಳು ಟೊಮ್ಯಾಟೊ ಗ್ರೇವಿಯಲ್ಲಿ ಓವನಲ್ಲಿ ಬೇಯಿಸಿದ್ದು. ಬ್ರಿಯಾಮ್, ಬದನೆ ಆಲೂಗಡ್ಡೆ ಕುಂಬಳ ಜಾತಿ ತರಕಾರಿ ಎಲ್ಲ ಸೇರಿಸಿದ್ದು. ಹೋರ್ತಾ, ಗುಡ್ಡದ ಸೊಪ್ಪು ಬೇಯಿಸಿ ಎಣ್ಣೆ ನಿಂಬೆರಸ, ಮಲೆನಾಡಿನವ್ರಿಗೆ ಇದು ಇಷ್ಟ ಆಗೇ ಆಗುತ್ತೆ. ಪಾಲಕ್ ಹಾಕಿದ ಅನ್ನ ಸ್ಪನಕೊರಿಜೊ. ಡೊಡೆಕನೀಸ್ ಕಡೆ ಪಿಟರೂಡಿಯಾ ಅಂತ ಕಡ್ಲೆಕಾಳು ರುಬ್ಬಿ ಪುದೀನ ಈರುಳ್ಳಿ ಹಾಕಿ ಕರೀತಾರೆ, ಕೆಲವು ಕಡೆ ಅದಕ್ಕೆ ಮೊಟ್ಟೆ ಸೇರಿಸ್ತಾರೆ, ಕೇಳಿ ತಗೊಳ್ಳಿ. ಗೆಮಿಸ್ತಾ ಅಂದ್ರೆ ಟೊಮ್ಯಾಟೊ ದೊಣ್ಣೆಮೆಣಸಿನಕಾಯಿ ಒಳಗೆ ಅನ್ನ ತುಂಬಿದ್ದು, ಎಷ್ಟೋ ಕಡೆ ಕೈಮಾನೂ ಹಾಕಿರ್ತಾರೆ, ಹಂಗೇ ದ್ರಾಕ್ಷಿ ಎಲೆಯ ಡೊಲ್ಮಾಡಾಕಿಯಾನೂ. ಬೇಕರಿಯ ಪಾಲಕ್ ಪೈ ಚೀಸ್ ಪೈ ನೋಡೋಕೆ ಸಸ್ಯಾಹಾರಿ, ಮೊಟ್ಟೆ ಇರೋ ಸಾಧ್ಯತೆ ಜಾಸ್ತಿ, ಅತ್ತೆಗೆ ಬೇಡ.

ದಿನಾ ಹೊರಗೆ ತಿನ್ನೋಕಾಗಲ್ಲ, ಅಡುಗೆಮನೆ ಇರೋ ಸ್ಟುಡಿಯೊ ತಗೊಳ್ಳಿ, ದ್ವೀಪಗಳಲ್ಲಿ ಅದೇ ಹೆಚ್ಚು. ಅಕ್ಕಿ, ಬೇಳೆ, ಮೊಸರು, ಟೊಮ್ಯಾಟೊ ಎಲ್ಲಾ ಅಲ್ಲೇ ಸಿಗುತ್ತೆ, ಮೊಸರಂತೂ ಗಟ್ಟಿ, ಒಗ್ಗರಣೆ ಹಾಕಿದ್ರೆ ಮೊಸರನ್ನ ಸೂಪರ್. ಸಾರಿನ ಪುಡಿ, ಇಂಗು, ಸಾಸಿವೆ, ಒಂದು ಡಬ್ಬಿ ಚಟ್ನಿಪುಡಿ ಊರಿಂದ ತಗೊಂಡು ಹೋಗಿ. ಹಾಲು ಮತ್ತೆ ಮನೇಲಿ ಮಾಡಿದ ತುಪ್ಪ ಸಿಹಿತಿಂಡಿ ಯುರೋಪ್ ಒಳಗೆ ಬಿಡಲ್ಲ, ಅದನ್ನ ತುಂಬ್ಕೋಬೇಡಿ.

ಇನ್ನೊಂದೆರಡು. ಮಧ್ಯಾಹ್ನ ಮೂರರಿಂದ ಐದೂವರೆ ಬೇಸಿಗೇಲಿ ಕಾನೂನು ಪ್ರಕಾರನೇ ಗಲಾಟೆ ಮಾಡೋ ಹಾಗಿಲ್ಲ, ಊರೆಲ್ಲ ಮಲಗಿರುತ್ತೆ, ಅಂಗಡಿ ಮುಚ್ಚಿರುತ್ತೆ, ಬೇಕಾದ್ದನ್ನ ಬೆಳಿಗ್ಗೆನೇ ತಗೊಳ್ಳಿ. ಟಾಯ್ಲೆಟ್‌ಗೆ ಪೇಪರ್ ಹಾಕ್ಬಾರ್ದು, ಪಕ್ಕದ ಬುಟ್ಟಿಗೆ ಹಾಕ್ಬೇಕು, ಪೈಪು ಸಣ್ಣ. ದ್ವೀಪದಲ್ಲಿ ನೀರಿಗೆ ಕಷ್ಟ ಇರುತ್ತೆ, ಸ್ನಾನಕ್ಕೆ ಹದವಾಗಿ ಬಳಸಿ. ಕೈಯಲ್ಲಿ ಸ್ವಲ್ಪ ಯೂರೊ ನೋಟು ಇಟ್ಕೊಳ್ಳಿ.

ನೇರಳೆ_ಮರ

ಎಲ್ರಿಗೂ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು. ನಿನ್ನೆ ರಾತ್ರಿ ಊಟ ಆದ್ಮೇಲೆ ಅತ್ತೆಗೆ ಪೂರ್ತಿ ಓದಿ ಹೇಳ್ದೆ, ಸೊಪ್ಪಿನ ವಿಷಯ ಎರಡು ಸಲ ಕೇಳಿದ್ರು, ಆಮೇಲೆ ಖಾಲಿ ಊರಲ್ಲಿ ಒಲೆ ಮೂಲೆ ಕಪ್ಪಾಗಿದೆ ಅಂತ ಬರ್ದಿದೀರಲ್ಲ ಅದಕ್ಕೆ ಸುಮಾರು ಹೊತ್ತು ಏನೂ ಮಾತಾಡ್ಲಿಲ್ಲ, ಅಲ್ಲಿಗೆ ಕರ್ಕೊಂಡು ಹೋಗು ಅಂದ್ರು. ಹೃದಯದ ತೊಂದರೆ ಏನೂ ಇಲ್ಲ ಅವ್ರಿಗೆ, ಬಿಪಿ ಮಾತ್ರೆ ಒಂದು ಅಷ್ಟೆ. ಹಂಗಾಗಿ ಟಿಲೋಸ್ ಅಂತ ತೀರ್ಮಾನ ಆಯ್ತು, ಸೆಪ್ಟೆಂಬರ್. ಒಂದೇ ಡೌಟು, ವೀಸಾಗೆ ಇಂಥ ಚಿಕ್ಕ ಊರಿನ ರೂಮ್ ಬುಕಿಂಗ್ ತೋರಿಸಿದ್ರೆ ಏನಾದ್ರೂ ತೊಂದ್ರೆ ಆಗುತ್ತಾ? ಮತ್ತೆ ಸೆಪ್ಟೆಂಬರಲ್ಲಿ ಗಾಳಿ ಹೇಗೆ?

ಸಾಧನಕೇರಿ

ತೊಂದ್ರಿ ಏನೂ ಆಗಂಗಿಲ್ರಿ, ರೂಮಿನ ಮಾಲೀಕರಿಗೆ ಮೇಲ್ ಮಾಡಿ ಮೂರೂ ಮಂದಿ ಹೆಸರು, ತಾರೀಖು ಇರೋ ಪತ್ರ ಕೇಳ್ರಿ, ಕೊಡ್ತಾರ. ಷೆಂಗೆನ್ ವೀಸಾಕ್ಕ (ಗ್ರೀಸ್ ಸೇರಿ ಯುರೋಪಿನ ಭಾಳ ದೇಶಕ್ಕ ನಡಿಯೋ ಒಂದ ವೀಸಾ) ಹೊರಡೋ ಆರು ತಿಂಗಳ ಮುಂಚೆಯಿಂದ ಅರ್ಜಿ ಹಾಕಬಹುದು, ಕಡೀ ಪಕ್ಷ ಹದಿನೈದು ದಿನ ಮುಂಚೆ ಅಂತಾರ, ನೀವು ಅಷ್ಟು ತಡಾ ಮಾಡಬ್ಯಾಡ್ರಿ, ಬೇಸಿಗಿಗೆ ಅಪಾಯಿಂಟ್‌ಮೆಂಟ್ ಸಿಗೋದ ಕಷ್ಟ. 30,000 ಯೂರೊ ವೈದ್ಯಕೀಯ ವಿಮಾ ಹೆಂಗೂ ಕಡ್ಡಾಯ, ಅತ್ತಿಯವರ ವಯಸ್ಸಿಗೆ ಮೊದಲಿಂದ ಇರೋ ಬಿಪಿನೂ ಒಳಗೊಳ್ಳೋ ಪಾಲಿಸಿ, ಮತ್ತ ದ್ವೀಪದಿಂದ ಆಸ್ಪತ್ರಿಗೆ ಸಾಗಸೋ ಖರ್ಚು ಕೊಡೋ ಪಾಲಿಸಿ ನೋಡಿ ತಗೋರಿ. ರೂಮು ಬುಕ್ ಮಾಡೋ ಮುಂದ ನೆಲಮಹಡಿ ರೂಮ ಬೇಕು ಅಂತ ಬರದು ಕೇಳ್ರಿ, ಲಿಫ್ಟು ಎಲ್ಲೂ ಇರಂಗಿಲ್ಲ.

ಕಡಲ_ಮಗ

ಸೆಪ್ಟೆಂಬರಿಗೆ ಮೆಲ್ಟೆಮಿ ಕಮ್ಮಿ ಆಗ್ತಾ ಬರ್ತದೆ, ತಿಂಗಳ ಎರಡನೇ ಅರ್ಧ ಇನ್ನೂ ಒಳ್ಳೇದು, ಸಮುದ್ರದ ನೀರು ಆಗ ಜೂನ್‌ಗಿಂತ ಬೆಚ್ಚಗಿರ್ತದೆ, ಬೇಸಿಗೆ ಪೂರ್ತಿ ಕಾದಿರ್ತದಲ್ಲ. ಆದ್ರೆ ಒಂದು ನೋಡಿಕೊಳ್ಳಿ, ಸೀಸನ್ ಮುಗೀತಾ ಬಂದ ಹಾಗೆ ಹಡಗಿನ ಟ್ರಿಪ್ ಕಮ್ಮಿ ಆಗ್ತದೆ, ಸೆಪ್ಟೆಂಬರಿನ ವೇಳಾಪಟ್ಟಿ ಬೇರೆಯೇ ಇರ್ಲಿಕ್ಕೂ ಸಾಕು. ಟಿಕೆಟ್ ತೆಗೆದ ಮೇಲೂ ಹೊರಡುವ ವಾರ ಇನ್ನೊಮ್ಮೆ ಚೆಕ್ ಮಾಡಿ, ಟಿಕೆಟ್ ಬುಕ್ ಮಾಡುವಾಗ ಅಲ್ಲಿ ತಗೊಳ್ಳುವ ಸಿಮ್ಮಿನ ನಂಬರ್ ಅಥವಾ ರೋಮಿಂಗ್ ಇರುವ ನಂಬರ್ ಕೊಡಿ, ಹಡಗು ಬದಲಾದ್ರೆ ಮೆಸೇಜ್ ಅದಕ್ಕೇ ಬರುವುದು.